63 ಅಂದವರು ಯಾರು? ಗ್ರೇಡ್ ಆದ ನಾಣ್ಯಕ್ಕೂ ಬೇಕಾಗುವ ಎರಡನೇ ಅಭಿಪ್ರಾಯ

ಮುಂಬಯಿಯ ನಾಣ್ಯ ಹರಾಜುಗಳಲ್ಲಿ ಕೂಗು ಶುರುವಾಗುವ ಮುಂಚೆ ಲಾಟುಗಳನ್ನು ಕೈಯಲ್ಲಿ ಹಿಡಿದು ನೋಡಲು ಬಿಡುತ್ತಾರೆ. ಮೇಜಿನ ಮೇಲೆ ಬಿಡಿ ನಾಣ್ಯಗಳೂ ಇರುತ್ತವೆ, ಸ್ಲ್ಯಾಬ್‌ಗಳೂ ಇರುತ್ತವೆ. ಸ್ಲ್ಯಾಬ್ ಅಂದರೆ ಅಮೆರಿಕದ ಯಾವುದೋ ಗ್ರೇಡಿಂಗ್ ಕಂಪನಿ ನಾಣ್ಯವನ್ನು ಪರೀಕ್ಷಿಸಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿದ್ದು. ಮೇಲಿನ ಚೀಟಿಯಲ್ಲಿ ಎಲ್ಲ ಬರೆದಿರುತ್ತದೆ: ಯಾವ ರಾಜ, ಯಾವ ವರ್ಷ, ಎಂಎಸ್ 63. ಇನ್ನು ಚರ್ಚೆ ಯಾಕೆ ಅಲ್ವಾ? ಆದರೆ ಹಳೇ ಕೈಗಳು ಅದನ್ನೂ ದೀಪದ ಕೆಳಗೆ ಓರೆಯಾಗಿ ಹಿಡಿದು, ಲೂಪ್ ಅನ್ನುವ ಸಣ್ಣ ಭೂತಕನ್ನಡಿ ಹಾಕಿ, ಪಕ್ಕದವನಿಗೆ ದಾಟಿಸಿ ಕೇಳುತ್ತಾರೆ: "63 ಅಂತೆ. ನಿಮಗೇನನ್ಸುತ್ತೆ?"

ಎಂಎಸ್ ಅಂದರೆ ಮಿಂಟ್ ಸ್ಟೇಟ್. ಟಂಕಸಾಲೆಯಿಂದ ಹೊರಬಿದ್ದ ಮೇಲೆ ಕೈಯಿಂದ ಕೈಗೆ ಓಡಾಡದ ನಾಣ್ಯ. ಅದಕ್ಕೆ 60ರಿಂದ 70ರವರೆಗೆ ಹನ್ನೊಂದು ಮೆಟ್ಟಿಲು. 63ಕ್ಕೂ 65ಕ್ಕೂ ಬರಿಗಣ್ಣಿಗೆ ಕಾಣುವ ವ್ಯತ್ಯಾಸ ಕಡಿಮೆ, ಬೆಲೆಯಲ್ಲಿ ಮಾತ್ರ ಹಲವು ಪಟ್ಟು ಏರುವುದುಂಟು. ಜಗಳವೆಲ್ಲ ಹುಟ್ಟುವುದು ಇಲ್ಲೇ.

ಈ ಜಗಳ ನಮಗೇನೂ ಹೊಸದಲ್ಲ. ಮೊಘಲರ ಕಾಲದಲ್ಲಿ ರೂಪಾಯಿಯ ಬೆಲೆ ಹೇಳುತ್ತಿದ್ದವರು ಸರಾಫರು, ಅಂದರೆ ನಾಣ್ಯ ಪರೀಕ್ಷಿಸಿ ಬದಲಿಸಿಕೊಡುವವರು. ನಾಣ್ಯ ಸವೆದಿದ್ದರೆ ಬಟ್ಟಾ, ಅಂದರೆ ಬೆಲೆಯಲ್ಲಿ ಒಂದಿಷ್ಟು ಪಾಲು, ಕಳೆಯುತ್ತಿದ್ದರು. ಸವೆಯದಿದ್ದರೂ, ಹೊಸ ವರ್ಷದ ನಾಣ್ಯ ಬಂದಿತೆಂದು ಹಳೆಯದಕ್ಕೆ ಬಟ್ಟಾ ಕಳೆಯುತ್ತಿದ್ದರು. ಪರೀಕ್ಷಿಸಿದ ಗುರುತಿಗೆ ನಾಣ್ಯದ ಮೇಲೆ ಸಣ್ಣ ಮುದ್ರೆ ಒತ್ತುತ್ತಿದ್ದರು. ಆ ಮುದ್ರೆಗಳು ಇವತ್ತಿಗೂ ಹಳೇ ರೂಪಾಯಿಗಳ ಮೇಲೆ ಕಾಣಸಿಗುತ್ತವೆ. ತಮಾಷೆ ಏನೆಂದರೆ, ಅಂದು ನಂಬಿಕೆಗೆಂದು ಒತ್ತಿದ ಅದೇ ಗುರುತನ್ನು ಇಂದಿನ ಗ್ರೇಡರ್ ನ್ಯೂನತೆ ಅಂತ ಲೆಕ್ಕ ಹಿಡಿಯುತ್ತಾನೆ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ 180 ಗ್ರೇನ್, ಅಂದರೆ 11.66 ಗ್ರಾಂ ತೂಕದ ಒಂದೇ ನಮೂನೆಯ ರೂಪಾಯಿ ತಂದ ಮೇಲೆ ಸರಾಫರ ಈ ದರ್ಬಾರು ಕುಗ್ಗಿತು.

ಈಗ ನಾವು ಬಳಸುವ ಅಂಕಗಳು ಬಂದದ್ದು ಅಮೆರಿಕದಿಂದ. ವಿಲಿಯಂ ಶೆಲ್ಡನ್ ಅನ್ನುವ ಮನಶ್ಶಾಸ್ತ್ರಜ್ಞ 1949ರಲ್ಲಿ ಅಮೆರಿಕದ ಹಳೇ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರ ಅಳತೆಗೋಲು ಮಾಡಿದ. ಲೆಕ್ಕ ಸರಳ. ತೀರಾ ಸವೆದ ನಾಣ್ಯಕ್ಕೆ ಒಂದು ಡಾಲರ್ ಆದರೆ ಅತ್ಯುತ್ತಮದಕ್ಕೆ 70 ಡಾಲರ್. ಅಂದರೆ ಅಂಕವೇ ಬೆಲೆ. ಮಾರುಕಟ್ಟೆ ಬೇಗನೇ ಆ ಲೆಕ್ಕ ಮೀರಿತು. ಬೆಲೆಯ ಸೂತ್ರ ಸತ್ತರೂ ಅಂಕಗಳು ಬದುಕಿಕೊಂಡವು. ಇದೇ ಶೆಲ್ಡನ್ ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಒಳ್ಳೆಯ ಸೆಂಟುಗಳನ್ನು ಎತ್ತಿ, ಅವುಗಳ ಜಾಗದಲ್ಲಿ ಕಳಪೆಯವನ್ನು ಇಟ್ಟಿದ್ದನೆಂಬುದು ಅವನು ತೀರಿಹೋಗಿ ವರ್ಷಗಳಾದ ಮೇಲೆ ಬಹಿರಂಗವಾಯಿತು. ಒಳ್ಳೆಯದಕ್ಕೂ ಕಳಪೆಗೂ ಇರುವ ವ್ಯತ್ಯಾಸ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು ಹೇಳಿ!

ಆಗಿನ್ನೂ ಗ್ರೇಡ್ ಕೊಡುತ್ತಿದ್ದವನು ವ್ಯಾಪಾರಿಯೇ. ಮಾರುವಾಗ ಅವನ ಕಣ್ಣಿಗೆ ಹೊಚ್ಚಹೊಸದು, ಕೊಳ್ಳುವಾಗ ಅದೇ ನಾಣ್ಯ ಸವೆದದ್ದು. ಇದನ್ನು ತಪ್ಪಿಸಲೆಂದು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಅಸೋಸಿಯೇಶನ್ 1972ರಲ್ಲಿ ಪರೀಕ್ಷೆಯ ಸೇವೆ ತೆರೆಯಿತು. ಮೊದಲು ನಾಣ್ಯ ಅಸಲಿಯೋ ನಕಲಿಯೋ ಎಂದಷ್ಟೇ ಹೇಳುತ್ತಿದ್ದರು. 1979ರಿಂದ ಫೋಟೋ ಅಂಟಿಸಿದ ಪ್ರಮಾಣಪತ್ರದ ಜೊತೆ ಗ್ರೇಡನ್ನೂ ಕೊಡತೊಡಗಿದರು, ಮುಂಬದಿಗೆ ಒಂದು ಅಂಕ, ಹಿಂಬದಿಗೆ ಇನ್ನೊಂದು. ಕೆಲವೇ ವರ್ಷಗಳಲ್ಲಿ ಎಡವಟ್ಟಾಯಿತು. ಮಾರುಕಟ್ಟೆಯ ಕಣ್ಣು ಬಿಗಿಯಾಯಿತು. ಎಂಬತ್ತರ ದಶಕದ ಶುರುವಿನಲ್ಲಿ 65 ಪಡೆದಿದ್ದ ನಾಣ್ಯ ಮಧ್ಯಭಾಗದ ಹೊತ್ತಿಗೆ 63 ಆಗುತ್ತಿತ್ತು. ನಾಣ್ಯ ಕಪಾಟಿನಲ್ಲೇ ಕೂತಿತ್ತು, ಬದಲಾದದ್ದು ನೋಡುವವರು. ಗ್ರೇಡ್ ಆದ ನಾಣ್ಯವನ್ನು ಮತ್ತೆ ತೋರಿಸುವ ಅಭ್ಯಾಸಕ್ಕೆ ಆಗಲೇ ಒಳ್ಳೆಯ ಕಾರಣ ಸಿಕ್ಕಿತ್ತು.

1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಎಂಬ ಗ್ರೇಡಿಂಗ್ ಕಂಪನಿಗಳು ಬಂದವು. ಹಲವು ಗ್ರೇಡರ್‌ಗಳು ಬೇರೆಬೇರೆಯಾಗಿ ನೋಡಬೇಕು, ನಾಣ್ಯ ಯಾರದೆಂದು ಅವರಿಗೆ ಗೊತ್ತಾಗಬಾರದು, ಕೊನೆಗೆ ಡಬ್ಬಿಯಲ್ಲಿ ಸೀಲ್ ಆಗಬೇಕು. ಜೊತೆಗೆ ಖಾತರಿಯೂ ಇತ್ತು: ಗ್ರೇಡ್ ತಪ್ಪೆಂದು ಮುಂದೆ ಗೊತ್ತಾದರೆ ಕಂಪನಿಯೇ ನಷ್ಟ ತುಂಬಿಕೊಡಬೇಕು. ನಂಬಿಕೆ ಎಷ್ಟು ಏರಿತೆಂದರೆ ವ್ಯಾಪಾರಿಗಳು ನಾಣ್ಯವನ್ನು ನೋಡದೆ, ಚೀಟಿಯ ಅಂಕ ಕೇಳಿಯೇ ಕೊಳ್ಳತೊಡಗಿದರು. ವಾಲ್ ಸ್ಟ್ರೀಟಿನ ದುಡ್ಡೂ ನುಗ್ಗಿತು. 1989ರಲ್ಲಿ ಬೆಲೆಗಳು ತುದಿ ಮುಟ್ಟಿ ಕುಸಿದವು. 1990ರಲ್ಲಿ ಅಮೆರಿಕ ಸರ್ಕಾರದ ಫೆಡರಲ್ ಟ್ರೇಡ್ ಕಮಿಷನ್, ಗ್ರೇಡಿಂಗ್ ತೀರಾ ವಸ್ತುನಿಷ್ಠ ಅನ್ನುವಂತೆ ಜಾಹೀರಾತು ಕೊಟ್ಟಿದ್ದಕ್ಕೆ ಪಿಸಿಜಿಎಸ್ ಮೇಲೆ ಕ್ರಮಕ್ಕೆ ಹೋಯಿತು. ವ್ಯವಹಾರ ರಾಜಿಯಲ್ಲಿ ಮುಗಿಯಿತು. ಅದೇ ಹೊತ್ತಿಗೆ ಕಂಪ್ಯೂಟರ್‌ನಿಂದ ಗ್ರೇಡ್ ಮಾಡಿಸುವ ಪ್ರಯೋಗವೂ ನಡೆದು ಕೈಬಿಟ್ಟುಹೋಯಿತು. ನನಗೆ ಕೇಳಿದರೆ ಇಡೀ ಕತೆಯ ತಿರುವು ಇದು. ಡಬ್ಬಿಯೊಳಗೆ ಸೀಲ್ ಆಗಿರುವುದು ನಾಣ್ಯದ ಜೊತೆಗೆ ಒಂದು ಅಭಿಪ್ರಾಯ ಮಾತ್ರ ಅನ್ನುವುದು ಆಗ ಬಾಯಿಬಿಟ್ಟು ಹೇಳಿದ ಹಾಗಾಯಿತು.

ಅಭಿಪ್ರಾಯ ಅಂದಮೇಲೆ ಇನ್ನೊಂದು ಸಲ ಕೇಳಬಹುದಲ್ಲ? ಜನ ಕೇಳಿದರು, ಜಾಸ್ತಿಯೇ ಕೇಳಿದರು. ಸೌಮ್ಯ ದಾರಿಯೆಂದರೆ ಅದೇ ಕಂಪನಿಗೆ ಡಬ್ಬಿ ಸಮೇತ ಕಳಿಸಿ ಮರುಪರಿಶೀಲನೆ ಕೋರುವುದು. ಇಲ್ಲವೇ ಇನ್ನೊಂದು ಕಂಪನಿಗೆ ಕಳಿಸಿ, "ನೀವೂ ಕನಿಷ್ಠ 64 ಕೊಡುವುದಾದರೆ ಮಾತ್ರ ಡಬ್ಬಿ ಒಡೆಯಿರಿ" ಅನ್ನುವುದು. ಇದಕ್ಕೆ ಕ್ರಾಸ್‌ಓವರ್ ಅನ್ನುತ್ತಾರೆ. ಎದೆಗಾರಿಕೆ ಇದ್ದವರು ತಾವೇ ಡಬ್ಬಿ ಒಡೆದು, ಬಿಡಿ ನಾಣ್ಯವಾಗಿ ಹೊಸದಾಗಿ ಕಳಿಸುತ್ತಾರೆ. ಅದು ಕ್ರ್ಯಾಕ್‌ಔಟ್. ಗ್ರೇಡರ್‌ಗೆ ಹಿಂದಿನ ಅಂಕ ಗೊತ್ತಿರುವುದಿಲ್ಲ, ಹಾಗಾಗಿ ಹೆಚ್ಚೂ ಬರಬಹುದು, ಕಡಿಮೆಯೂ ಬರಬಹುದು. ಹಳೇ ಖಾತರಿ ಡಬ್ಬಿಯ ಜೊತೆಗೇ ಹೋಯಿತು. ಇದನ್ನೇ ಕಸುಬು ಮಾಡಿಕೊಂಡ ವ್ಯಾಪಾರಿಗಳಿದ್ದಾರೆ. 64 ಬಂದದ್ದು 65 ಆಗುವವರೆಗೂ ಒಂದೇ ನಾಣ್ಯವನ್ನು ಒಡೆಯುತ್ತಾರೆ, ಕಳಿಸುತ್ತಾರೆ, ಮತ್ತೆ ಒಡೆಯುತ್ತಾರೆ.

ಇದರಿಂದ ಎರಡು ಅನಾಹುತ ಆಯಿತು. ಯಾವ ಗ್ರೇಡಿನಲ್ಲಿ ಎಷ್ಟು ನಾಣ್ಯಗಳಿವೆ ಎಂಬ ಪಟ್ಟಿಯನ್ನು ಕಂಪನಿಗಳು ಪ್ರಕಟಿಸುತ್ತವೆ. ಒಡೆದ ಡಬ್ಬಿಯ ಚೀಟಿಯನ್ನು ಹಿಂದಿರುಗಿಸದಿದ್ದರೆ ಒಂದೇ ನಾಣ್ಯ ಅಲ್ಲಿ ಹಲವಾಗಿ ಎಣಿಕೆಯಾಗುತ್ತದೆ. ಅಪರೂಪದ್ದು ಕಾಗದದ ಮೇಲೆ ಸಾಮಾನ್ಯವಾಗಿಬಿಡುತ್ತದೆ. ಎರಡನೆಯದು ಗ್ರೇಡ್‌ಗಳ ಹಣದುಬ್ಬರ. ಅಂಕ ಮೇಲಕ್ಕೇ ಹೋಗಲಿ ಅಂತ ಎಲ್ಲರೂ ತಳ್ಳಿದರೆ ಇನ್ನೇನಾಗುತ್ತದೆ? ಅದಕ್ಕೇ ಪಿಸಿಜಿಎಸ್‌ನ ಮೊದಲ ಕಾಲದ ಡಬ್ಬಿಗಳಿಗೆ ಇವತ್ತು ಬೇರೆಯೇ ಗಿರಾಕಿ. ಅಲ್ಲಾಡಿಸಿದರೆ ಒಳಗೆ ನಾಣ್ಯ ಟಕಟಕ ಅನ್ನುವುದರಿಂದ ಅವಕ್ಕೆ ರ‍್ಯಾಟ್ಲರ್ ಅಂತ ಹೆಸರು. ಆಗಿನವರು ಕೈ ಬಿಗಿಹಿಡಿದು ಅಂಕ ಕೊಡುತ್ತಿದ್ದರು, ಇವತ್ತು ಕಳಿಸಿದರೆ ಒಂದು ಮೆಟ್ಟಿಲು ಮೇಲೆ ಸಿಗಬಹುದು ಎಂಬ ಆಸೆಗೆ ಕೊಡುವ ದುಡ್ಡು ಅದು.

ಕೊನೆಗೆ ಎರಡನೇ ಅಭಿಪ್ರಾಯವೇ ಒಂದು ಕಂಪನಿಯಾಯಿತು. ಎನ್‌ಜಿಸಿಯನ್ನು ಕಟ್ಟಿದ ಜಾನ್ ಆಲ್ಬನೀಸ್ ಅವರೇ 2007ರಲ್ಲಿ ಸಿಎಸಿ ಶುರುಮಾಡಿದರು. ಬೇರೆಯವರು ಗ್ರೇಡ್ ಮಾಡಿದ ನಾಣ್ಯವನ್ನು ಡಬ್ಬಿ ಒಡೆಯದೆ ನೋಡುವುದು, ಆ ಗ್ರೇಡಿಗೆ ಗಟ್ಟಿಯಾಗಿದ್ದರೆ ಹಸಿರು ಸ್ಟಿಕರ್ ಅಂಟಿಸುವುದು, ಕಡಿಮೆ ಅಂಕ ಸಿಕ್ಕಿದೆ ಅನ್ನಿಸಿದರೆ ಬಂಗಾರದ ಬಣ್ಣದ್ದು. ಒಪ್ಪಿಗೆಯಾಗದಿದ್ದರೆ ಸ್ಟಿಕರ್ ಇಲ್ಲದೆ ವಾಪಸ್. ಹಸಿರು ಚುಕ್ಕೆ ಇದ್ದರೆ ಬೆಲೆ ಏರಿತು. ಇಲ್ಲದಿದ್ದರೆ "ಯಾಕಿಲ್ಲ?" ಎಂಬ ಅನುಮಾನ ಹತ್ತಿಕೊಂಡಿತು. ಮೂರು ವರ್ಷ ಕಳೆದು ಪಿಸಿಜಿಎಸ್, ಎನ್‌ಜಿಸಿ ಎರಡೂ, ಅದೇ ಅಂಕದೊಳಗೆ ಮೇಲ್ಮಟ್ಟದ ನಾಣ್ಯ ಎಂದು ತೋರಿಸಲು, ಅಂಕದ ಪಕ್ಕ ಪ್ಲಸ್ ಚಿಹ್ನೆ ತಂದವು. 2023ರಲ್ಲಿ ಸಿಎಸಿಯೇ ಗ್ರೇಡಿಂಗ್‌ಗೂ ಇಳಿಯಿತು. ಈಗ ಅವರ ಗ್ರೇಡಿಗೆ ಎರಡನೇ ಅಭಿಪ್ರಾಯ ಯಾರನ್ನು ಕೇಳುವುದೋ!

ಆದರೆ ಆ ಹಸಿರು ಸ್ಟಿಕರ್ ಅಮೆರಿಕದ ನಾಣ್ಯಗಳ ಮಾತು. ಮುಂಬಯಿಯಲ್ಲಿ ಬ್ರಿಟಿಷ್ ಇಂಡಿಯಾದ ರೂಪಾಯಿ ಕೂಡಿಡುವವರಿಗೆ ಅದರಿಂದ ಪ್ರಯೋಜನವಿಲ್ಲ.

ಫೋರ್ಟಿನಲ್ಲಿ ಹೋಟೆಲ್ ನಡೆಸುವ ಒಬ್ಬರು ಶೆಟ್ರು ನನಗೆ ಪರಿಚಯ. ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಸಿಕ್ಕ ಹಳೇ ಕಾಸುಗಳಿಂದ ಹತ್ತಿದ ಹುಚ್ಚು ಈಗ ಸ್ಲ್ಯಾಬ್‌ಗಳವರೆಗೆ ಬಂದಿದೆ. ಅವರಲ್ಲಿ ಐದನೇ ಜಾರ್ಜ್‌ನ 1918ರ ರೂಪಾಯಿ ಇದೆ, ಎಂಎಸ್ 64. ಊಟದ ಗಲಾಟೆ ಮುಗಿದ ಮೇಲೆ ಒಂದು ದಿನ ಮೇಜಿನ ದೀಪ ಎಳೆದು ತೋರಿಸಿದರು. ಡಬ್ಬಿಯನ್ನು ನಿಧಾನ ತಿರುಗಿಸಿದಾಗ ಹೊಳಪು ಅಂಚಿನಗುಂಟ ಸುತ್ತು ಹೊಡೆಯಿತು. ಅದು ಒಳ್ಳೆಯ ಲಕ್ಷಣ. ರಾಜನ ಕೆನ್ನೆಯ ಮೇಲೆ ಮಾತ್ರ ಎರಡು ಸಣ್ಣ ಕಚ್ಚು. ಚೀಲದಲ್ಲಿ ಬೇರೆ ನಾಣ್ಯಗಳಿಗೆ ತಾಗಿ ಆದದ್ದು. ಕೆನ್ನೆಯ ಮೇಲಿನ ಗಾಯಕ್ಕೆ ಗ್ರೇಡರ್‌ಗಳು ಜಾಸ್ತಿ ಅಂಕ ಕಳೆಯುತ್ತಾರೆ. ಕಿರೀಟದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡ ಗಾಯಕ್ಕೆ ಅಷ್ಟಿಲ್ಲ.

"ನೋಡಿ ಮಾರಾಯ್ರೆ, ಇದು ನಿಜವಾಗಿ 64 ಹೌದಾ? ನನಗ್ಯಾಕೋ 63 ಅನ್ನಿಸ್ತದೆ" ಅಂದರು.

"ಅನುಮಾನ ಇದ್ದರೆ ವಾಪಸ್ ಕಳಿಸಿ ಕೇಳಿ ಶೆಟ್ರೇ."

"ಕಳಿಸ್ಲಿಕ್ಕೆ ಉಂಟಾ? ನೂರು ವರ್ಷ ಆಯ್ತಲ್ಲ ಇದಕ್ಕೆ!"

ನಮ್ಮಲ್ಲಿ ವಿಷಯ ನಿಲ್ಲುವುದು ಇಲ್ಲೇ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯಿದೆ ಜಾರಿಗೆ ಬಂದದ್ದು 1976ರಲ್ಲಿ. ನೂರು ವರ್ಷ ತುಂಬಿದ ವಸ್ತು ಪುರಾತನ ವಸ್ತು. ಆ ಪಟ್ಟಿಯಲ್ಲಿ ನಾಣ್ಯದ ಹೆಸರೇ ಮೊದಲಿಗಿದೆ. ಅಂಥದ್ದನ್ನು ದೇಶದಿಂದ ಹೊರಗೆ ಕಳಿಸಬಹುದಾದದ್ದು ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆ ಮಾತ್ರ. ಮೀರಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ದಂಡ ಬೇರೆ. ಹಾಗಾದರೆ ಈ ಹಳೇ ರೂಪಾಯಿಗಳು ಸ್ಲ್ಯಾಬ್ ಆಗಿ ಇಲ್ಲಿಗೆ ಹೇಗೆ ಬಂದವು? ಹೆಚ್ಚಾಗಿ ವಿದೇಶದಲ್ಲಿದ್ದ ನಾಣ್ಯಗಳು ಅಲ್ಲೇ ಗ್ರೇಡ್ ಆಗಿ, ಕೊಂಡವರ ಜೊತೆ ಬಂದಿರುತ್ತವೆ. ಬರುವ ದಾರಿ ಇದೆ, ಹೋಗುವ ದಾರಿ ಇಲ್ಲ. ನೂರು ತುಂಬದ ನಾಣ್ಯವನ್ನಾದರೆ ಕಳಿಸಬಹುದು. ವಯಸ್ಸಿನ ಬಗ್ಗೆ ತಕರಾರು ಬಂದರೆ, ಇದು ಪುರಾತನ ವಸ್ತುವಲ್ಲ ಎಂದು ಪುರಾತತ್ವ ಸರ್ವೇಕ್ಷಣೆಯಿಂದ ಪ್ರಮಾಣಪತ್ರ ಮಾಡಿಸಬೇಕು. ಅದರ ಮೇಲೆ ಕೊರಿಯರ್, ವಿಮೆ, ಕಸ್ಟಮ್ಸ್, ಗ್ರೇಡಿಂಗ್ ಶುಲ್ಕ. ಒಂದು ಅಂಕ ಏರಿದರೆ ಸಿಗುವ ಲಾಭ ಇಷ್ಟಕ್ಕೇ ಖರ್ಚಾಗುವುದಾದರೆ ಸುಮ್ನೆ ಯಾಕೆ ಒದ್ದಾಡಬೇಕು?

ಹಾಗಂತ ಇಲ್ಲಿ ಎರಡನೇ ಅಭಿಪ್ರಾಯ ಬೇಡವೇ? ಬೇಕು, ಆದರೆ ಪ್ರಶ್ನೆ ಬೇರೆ. 63ಓ 64ಓ ಅನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು, ಈ ನಾಣ್ಯವನ್ನು ತಿಕ್ಕಿದ್ದಾರೆಯೇ ಎಂದು. ನಮ್ಮ ಮನೆಗಳಲ್ಲಿ ಬೆಳ್ಳಿ ರೂಪಾಯಿ ಇರುತ್ತಿದ್ದದ್ದು ದೇವರ ಕೋಣೆಯಲ್ಲಿ. ಲಕ್ಷ್ಮೀಪೂಜೆ ಬಂತೆಂದರೆ ಹುಣಸೆಹುಳಿ, ವಿಭೂತಿ ಹಾಕಿ ಫಳಫಳ ಅನ್ನುವಂತೆ ಉಜ್ಜುವುದು. ದೇವಿಗೆ ಸಂತೋಷ, ಗ್ರೇಡರ್‌ಗೆ ತಲೆನೋವು. ಆ ಕೂದಲೆಳೆಯಂಥ ಗೀರುಗಳು ಹೋಗುವುದಿಲ್ಲ. ಕೆಲವಕ್ಕೆ ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿರುತ್ತಾರೆ, ಕಿತ್ತರೂ ಅಂಚಿನಲ್ಲಿ ಕಲೆ ಉಳಿಯುತ್ತದೆ. ಇಂಥವಕ್ಕೆ ಕಂಪನಿಗಳು ಅಂಕವನ್ನೇ ಕೊಡದೆ "ಡಿಟೇಲ್ಸ್" ಅಂತ ಬರೆದು ಕೈತೊಳೆದುಕೊಳ್ಳುತ್ತವೆ. ಅಂಕ ಕೊಟ್ಟಿರುವ ಡಬ್ಬಿಯಲ್ಲೂ ಇಂಥ ಗೀರು ತಪ್ಪಿಸಿಕೊಂಡು ಕೂತಿರುವುದುಂಟು. ಅದನ್ನು ಹಿಡಿಯಲು ಒಂದು ದೀಪ, ಹತ್ತು ಪಟ್ಟಿನ ಲೂಪ್, ಇನ್ನೊಂದು ಜೋಡಿ ಪಳಗಿದ ಕಣ್ಣು ಸಾಕು.

ಇನ್ನೊಂದು ಪ್ರಶ್ನೆ ಮುಂಬಯಿಗೇ ಸೇರಿದ್ದು. ರಿಸರ್ವ್ ಬ್ಯಾಂಕಿನ ಎದುರಿಗಿರುವ ಟಂಕಸಾಲೆಯಲ್ಲಿ ಬಹಳ ಕಾಲ ಸಂಗ್ರಾಹಕರಿಗಾಗಿ ಹಳೇ ನಮೂನೆಯ ನಾಣ್ಯಗಳನ್ನು ಮತ್ತೆ ಅಚ್ಚು ಹಾಕಿಕೊಡುತ್ತಿದ್ದರು. 1970ರ ಹೊತ್ತಿಗೆ ಅದು ನಿಂತಿತು. ನಕಲಿ ಅನ್ನುವಂತಿಲ್ಲ, ಟಂಕಸಾಲೆಯದೇ ಕೆಲಸ. ಆದರೆ ಮೂಲ ಪ್ರೂಫ್ ನಾಣ್ಯಕ್ಕೂ (ಚಲಾವಣೆಗಲ್ಲದೆ ವಿಶೇಷ ಹೊಳಪಿನಲ್ಲಿ ಅಚ್ಚು ಹಾಕಿದ್ದು) ಈ ಮರುಅಚ್ಚಿಗೂ ಬೆಲೆಯಲ್ಲಿ ಅಜಗಜಾಂತರ. ಚೀಟಿಯಲ್ಲಿ "ರೀಸ್ಟ್ರೈಕ್" ಅಂತ ಇದೆಯೋ ಇಲ್ಲವೋ ನೋಡದೆ ಬರೀ ಅಂಕ ನೋಡುವವರು ಕೆಡುವುದು ಇಲ್ಲೇ.

ಡಬ್ಬಿಯೇ ಸುಳ್ಳಾಗಿರಬಹುದು ಅನ್ನುವುದು ಕೊನೆಯ ಅನುಮಾನ. 2008ರಲ್ಲಿ ಚೀನಾದಲ್ಲಿ ತಯಾರಾದ ನಕಲಿ ಪಿಸಿಜಿಎಸ್ ಡಬ್ಬಿಗಳು ಸಿಕ್ಕವು. ಚೀಟಿಯ ನಂಬರನ್ನು ಅಸಲಿ ನಾಣ್ಯದಿಂದಲೇ ಕದ್ದಿರುತ್ತಾರೆ, ಹಾಗಾಗಿ ಕಂಪನಿಯ ತಾಣದಲ್ಲಿ ನಂಬರ್ ಹೊಡೆದರೆ ಸರಿಯಾದ ಉತ್ತರವೇ ಬರುತ್ತದೆ. ಅಲ್ಲಿ ಫೋಟೋ ಇದ್ದರೆ ಅದನ್ನು ಕೈಯಲ್ಲಿರುವ ನಾಣ್ಯದ ಪಕ್ಕ ಇಟ್ಟು, ಗೀರಿಗೆ ಗೀರು ಹೊಂದಿಸಿ ನೋಡಬೇಕು. 2020ರಿಂದ ಪಿಸಿಜಿಎಸ್ ಡಬ್ಬಿಗಳಲ್ಲಿ ಫೋನ್ ತಾಗಿಸಿ ಓದುವ ಚಿಪ್ ಬಂದಿದೆ. ಹಳೇ ಡಬ್ಬಿಗಳಿಗೆ ಆ ಭಾಗ್ಯವಿಲ್ಲ.

ಅಮೆರಿಕಕ್ಕೆ ಕಳಿಸಿ ಕೇಳಬಹುದಾದ ನಮ್ಮ ಕಡೆಯ ದೊಡ್ಡ ನಾಣ್ಯ ಅಂದರೆ ಆರನೇ ಜಾರ್ಜ್‌ನ 1939ರ ರೂಪಾಯಿ. ಮುಂಬಯಿಯಲ್ಲೇ ಅಚ್ಚಾದದ್ದು, ಹುಡುಕಿದರೂ ಸಿಗುವುದು ಕಷ್ಟ. ಯಾರಾದರೂ ತಂದರೆ ಮೊದಲು 1938ರ ಎಂಟನ್ನು ಕೆತ್ತಿ ಒಂಬತ್ತು ಮಾಡಿದ್ದಾರೆಯೇ ಅಂತ ನೋಡುತ್ತಾರೆ, ಗ್ರೇಡಿನ ಮಾತು ಆಮೇಲೆ. ಶೆಟ್ರಿಗೆ ಅದರ ಮೇಲೆ ಬಹಳ ದಿನದಿಂದ ಕಣ್ಣಿದೆ. ಬಿಡಿ ನಾಣ್ಯ ಸಿಕ್ಕರೂ ಪರವಾಗಿಲ್ಲ, ಕಳಿಸಿ ಗ್ರೇಡ್ ಮಾಡಿಸುತ್ತೇನೆ, ಒಪ್ಪಿಗೆಯಾಗದಿದ್ದರೆ ಇನ್ನೊಂದು ಕಂಪನಿಗೂ ಕಳಿಸುತ್ತೇನೆ ಅನ್ನುತ್ತಾರೆ. 2039ರಲ್ಲಿ ಅದಕ್ಕೂ ನೂರು ತುಂಬುತ್ತದೆ. ಅಷ್ಟರೊಳಗೆ ಸಿಗಬೇಕು.