ಕಚರಾ ಕೊಟ್ಟಿದ್ದು ಒಯ್ಲಿಕ್ಕ, ಓದ್ಲಿಕ್ಕಲ್ಲ: ಬುಟ್ಟಿ ತಪಾಸಣೆ, ಪ್ರೈವಸಿ ಬಗ್ಗೆ ನನ್ನ ನೋಟ್ಸ್

ಮೊನ್ನೆ ನಮ್ಮ ಓದೋ ಗ್ರೂಪಿನಾಗ ಒಂದು ಪ್ರಶ್ನೆ ಬಂತು. ಕಚರಾ ಗಾಡಿಯವ್ರು ಮನಿ ಮುಂದ ಬಂದು ಬುಟ್ಟಿ ಮುಚ್ಚಳ ತೆಗ್ದು, ಚೀಲದ ಗಂಟು ಬಿಚ್ಚಿ ಒಳಗ ಏನೇನದ ಅಂತ ನೋಡಿದ್ರ ಅದು ಪ್ರೈವಸಿಗಿ ಧಕ್ಕಿ ಆಗ್ತದೇನು? ಅರ್ಧ ಮಂದಿ ಹೌದು ಅಂದ್ರು, ಉಳಿದವ್ರು "ಕಸಕ್ಕ ಎಂಥಾ ಪ್ರೈವಸಿ ಲೇ" ಅಂತ ನಕ್ಕರು. ನಕ್ಕವರಾಗ ನಾನೂ ಇದ್ದೆ, ಸುಳ್ಳ್ಯಾಕ ಹೇಳ್ಲಿ. ಆಮ್ಯಾಲ ಎರಡು ದಿನ ಕುಂತು ಓದಿದೆ, ಓದಿದ್ದು ಇಲ್ಲಿ ಹಾಕ್ಲಿಕತ್ತೀನಿ, ಎಲ್‌ಎಲ್‌ಬಿ ಮಂದಿಗೂ ಕೆಎಎಸ್ ಮಂದಿಗೂ ಉಪಯೋಗ ಆಗ್ತದ.

ಕೇಸಿಗಿ ಹೋಗೋ ಮೊದಲು ನಮ್ಮ ಓಣಿ ಕಥಿ ಒಂದು ಹೇಳ್ತೀನಿ, ಯಾಕಂದ್ರ ನನಗ ವಿಷಯ ತಿಳಿದದ್ದೇ ಇದರಿಂದ. ಕಲಬುರಗಿಯ ಬ್ರಹ್ಮಪುರದಾಗ ನಾನು ಬಾಡಿಗಿ ಇರೋ ಮನಿ ಮಾಲಕಿಗಿ ನಾವೆಲ್ಲ ಕಾಕು ಅಂತೀವಿ. ಮುಂಜಾನಿ ಏಳರ ಸುಮಾರಿಗಿ ಗಾಡಿ ಹಾಡು ಹಚ್ಕೊಂಡು ಬರ್ತದ, ಕಾಕು ಎರಡು ಬಕೇಟ್ ಹಿಡ್ಕೊಂಡು ಹೊರಗ ಬರ್ತಾರ. ಒಂದಿನ ಗಾಡಿ ಜೊತಿ ಇರೋ ಅಕ್ಕ ಒಣ ಕಸದ ಬಕೇಟಿನಾಗಿನ ಕರಿ ಕ್ಯಾರಿಬ್ಯಾಗ್ ಎತ್ತಿ, ತೂಕ ನೋಡಿ, ಗಂಟು ಬಿಚ್ಚಿದಳು. ಒಳಗ ಔಷಧಿ ಅಂಗಡಿ ಬಿಲ್ಲು, ಬಿಸ್ಕಿಟ್ ಪಾಕೀಟು, ಅವುಗಳ ನಡುವ ನಾಕೈದು ಸಣ್ಣ ಸೂಜಿ. "ಅವ್ವಾರೇ, ಇನ್ಸುಲಿನ್ ಸೂಜಿ ಬ್ಯಾರೆ ಕಟ್ಟಿ ಕೊಡ್ರಿ, ಹೋದ ವಾರ ಬೆರಳಿಗಿ ಚುಚ್ಚಿದ್ದು ಇನ್ನಾ ನೋವದ" ಅಂತ ಬೆರಳು ಎತ್ತಿ ತೋರಿಸಿದಳು. ಅಕಿ ಅಂದದ್ದು ಖರೇನೇ. ಆದ್ರ ಆ ಹೊತ್ತಿನಾಗ ಓಣಿಯಾಗ ಆರೇಳು ಹೆಣ್ಮಕ್ಕಳು ಬಕೇಟ್ ಹಿಡ್ಕೊಂಡು ನಿಂತಿದ್ರು, ಮತ್ತ ಕಾಕುನ ಮಗಳಿಗಿ ಆ ತಿಂಗಳೇ ವರ ನೋಡ್ಲಿಕತ್ತಿದ್ರು. ಸಂಜೀ ಅನ್ನೋದ್ರಾಗ "ಆ ಮನ್ಯಾಗ ಯಾರಿಗೋ ಸಕ್ಕರಿ ಅದಂತ, ಹುಡುಗಿಗೇನೋ" ಅಂತ ಮಾತು ಎದ್ದಿತ್ತು. ಸೂಜಿ ಕಾಕಾ ಅವರವು. ಕಾಕು ಅವತ್ತು ಊಟಾನೇ ಮಾಡಲಿಲ್ಲ.

ಇಲ್ಲಿ ತಪ್ಪು ಯಾರದು? ಅಕ್ಕಂದಂತೂ ಅಲ್ಲ, ಅಕಿ ತನ್ನ ಕೈ ಉಳಿಸ್ಕೊಳ್ಳಲಿಕತ್ತಿದ್ದಳು. ಹಂಗಂತ ಕಾಕುಗ ಆದ ನೋವೂ ಸುಳ್ಳಲ್ಲ. ಇದನ್ನ ತಲ್ಯಾಗ ಇಟ್ಕೊಂಡು ಮುಂದ ಓದ್ರಿ.

ಎಲ್ಲರೂ ಬರೆಯೋ ಕೇಸು ಅಂದ್ರ ಅಮೆರಿಕಾದ ಕ್ಯಾಲಿಫೋರ್ನಿಯಾ ವರ್ಸಸ್ ಗ್ರೀನ್‌ವುಡ್, 1988. ಲಗುನಾ ಬೀಚ್ ಅನ್ನೋ ಊರಾಗ ಒಬ್ಬ ಮಾದಕ ವಸ್ತು ವ್ಯವಹಾರ ಮಾಡ್ತಾನ ಅಂತ ಪೊಲೀಸರಿಗಿ ಗುಮಾನಿ, ಆದ್ರ ವಾರಂಟ್ ತಗೊಳ್ಳುವಷ್ಟು ಸಾಕ್ಷಿ ಇಲ್ಲ. ಏನ್ ಮಾಡಿದ್ರು ಅಂದ್ರ ದಿನಾ ಬರೋ ಕಚರಾದವನಿಗೇ ಹೇಳಿ, ಅವನ ಮನಿ ಮುಂದಿನ ಚೀಲ ಬ್ಯಾರೆ ಕಸದಾಗ ಕೂಡಿಸ್ದೆ ನಮಗ ತಂದು ಕೊಡು ಅಂದ್ರು. ಅದರಾಗ ಸಿಕ್ಕ ವಸ್ತು ತೋರಿಸಿ ವಾರಂಟ್ ತಗೊಂಡು ಮನಿ ಹೊಕ್ಕರು. ಸುಪ್ರೀಂ ಕೋರ್ಟ್ 6-2ರಾಗ ಪೊಲೀಸರ ಕಡಿಗಿ ಹೇಳ್ತು. ರಸ್ತಾ ಬಾಜೂಕ ಇಟ್ಟ ಚೀಲ ನಾಯಿ ಹರಿಬಹುದು, ಹುಡುಗ್ರು ಕೆದರಬಹುದು, ಚಿಂದಿ ಆಯೋರು ತಗೀಬಹುದು, ಅಂಥಾದ್ರ ಮ್ಯಾಲ ಪ್ರೈವಸಿ ಅದ ಅಂತ ನಂಬೋದು ಸಮಂಜಸ ಅಲ್ಲ ಅನ್ನೋದು ಬಹುಮತದ ತರ್ಕ, ಬರೆದವರು ಜಸ್ಟಿಸ್ ವೈಟ್. ಜಸ್ಟಿಸ್ ಬ್ರೆನ್ನನ್ ಭಿನ್ನಮತ ಬರದ್ರು, ಜಸ್ಟಿಸ್ ಮಾರ್ಷಲ್ ಅವರ ಜೋಡಿ ನಿಂತರು. ಮಂದಿ ಏನ್ ತಿಂತಾರ, ಏನ್ ಓದ್ತಾರ, ಅವರ ಆರೋಗ್ಯ ಹ್ಯಾಂಗದ, ಸಂಸಾರ ಹ್ಯಾಂಗದ ಅನ್ನೋದೆಲ್ಲ ಒಂದು ಕಸದ ಚೀಲ ಹೇಳ್ತದ ಅನ್ನೋದು ಅವರ ವಾದದ ಜೀವ. ಕಾಕುನ ಚೀಲ ಕಣ್ಣಾರೆ ನೋಡಿದವನಿಗಿ ಬ್ರೆನ್ನನ್ ಅವರೇ ಸರಿ ಅನಿಸ್ತದ, ಇದು ನನ್ನ ಅಭಿಪ್ರಾಯ, ಪರೀಕ್ಷಾದಾಗ ಹಿಂಗೇ ಬರೀಬ್ಯಾಡ್ರಿ.

ಈಗ ಅಸಲಿ ಬುಟ್ಟಿ ತಪಾಸಣೆ ಕೇಸು, ಸಿಯಾಟಲ್. ಆ ಊರಿನ ಕೌನ್ಸಿಲ್ 2014ರಾಗ ಒಂದು ಕಾನೂನು ಮಾಡ್ತು: ಊಟ-ತಿಂಡಿ ಉಳಿದದ್ದು, ಮರುಬಳಕಿ ಆಗೋ ಕಾಗದ ಇವೆಲ್ಲ ಮಾಮೂಲಿ ಕಸದ ಡಬ್ಬಿಗಿ ಹಾಕಂಗಿಲ್ಲ, 2015ರ ಜನವರಿಯಿಂದ ಜಾರಿ. ಡಬ್ಬಿಯಾಗ ಇಂಥಾದ್ದು 10 ಪರ್ಸೆಂಟಿಗಿಂತ ಹೆಚ್ಚಿದ್ರ ಕಚರಾ ಒಯ್ಯೋರೇ ಕಣ್ಣಂದಾಜಿನಾಗ ನೋಡಿ ಟ್ಯಾಗ್ ಹಚ್ಚಬೇಕು. ಒಂಟಿ ಮನಿಗಿ ದಂಡ 1 ಡಾಲರ್, ಅಪಾರ್ಟ್‌ಮೆಂಟಿಗಿ 50 ಡಾಲರ್. ಒಂದು ಡಾಲರ್ ಏನ್ ದೊಡ್ಡದು ಅನ್ನಬ್ಯಾಡ್ರಿ, ಜಗಳ ರೊಕ್ಕದ್ದಲ್ಲ. ಅಲ್ಲಿನ ನಿವಾಸಿಗಳು ಕೆಲವರು ಕೋರ್ಟಿಗಿ ಹೋದ್ರು, 2016ರ ಏಪ್ರಿಲ್‌ನಾಗ ಕಿಂಗ್ ಕೌಂಟಿ ಸುಪೀರಿಯರ್ ಕೋರ್ಟ್, ವಾರಂಟ್ ಇಲ್ದೆ ಹಿಂಗ ಕಸ ತಪಾಸಣೆ ಮಾಡೋದು ವಾಷಿಂಗ್ಟನ್ ರಾಜ್ಯದ ಸಂವಿಧಾನಕ್ಕ ವಿರುದ್ಧ ಅಂತು.

ಗ್ರೀನ್‌ವುಡ್ ಇದ್ರೂ ಹ್ಯಾಂಗ ಹಂಗಂತು? ನಮ್ಮ ಹುಡುಗ್ರು ಎಡವೋದು ಇಲ್ಲೇ. ಗ್ರೀನ್‌ವುಡ್ ಫೆಡರಲ್ (ಇಡೀ ಅಮೆರಿಕಾದ) ಸಂವಿಧಾನದ ನಾಲ್ಕನೇ ತಿದ್ದುಪಡಿ, ಅಂದ್ರ ಸರಿಯಾದ ಕಾರಣ ಇಲ್ದೆ ಹುಡುಕಾಟ-ಜಪ್ತಿ ಮಾಡಂಗಿಲ್ಲ ಅನ್ನೋ ನಿಯಮದ ಮ್ಯಾಲ ನಿಂತದ. ವಾಷಿಂಗ್ಟನ್ ರಾಜ್ಯಕ್ಕ ತನ್ನದೇ ಸಂವಿಧಾನ ಅದ, ಅದರ ಒಂದನೇ ಆರ್ಟಿಕಲ್ ಏಳನೇ ಸೆಕ್ಷನ್ ಏನಂತದ ಅಂದ್ರ ಕಾನೂನಿನ ಅಧಿಕಾರ ಇಲ್ದೆ ಯಾರದೂ ಖಾಸಗಿ ವ್ಯವಹಾರದಾಗ ಕೈ ಹಾಕಂಗಿಲ್ಲ, ಮನಿ ಹೊಗಂಗಿಲ್ಲ. ಇದರ ಅಡಿಯಾಗೇ 1990ರಾಗ ಸ್ಟೇಟ್ ವರ್ಸಸ್ ಬೋಲ್ಯಾಂಡ್ ಕೇಸಿನಾಗ ಆ ರಾಜ್ಯದ ಸುಪ್ರೀಂ ಕೋರ್ಟ್, ರಸ್ತಾಕ್ಕ ಇಟ್ಟ ಕಸದ ಡಬ್ಬಿನೂ ಖಾಸಗಿ ವ್ಯವಹಾರನೇ ಅಂದಿತ್ತು. ಫೆಡರಲ್ ಹಕ್ಕು ನೆಲ ಇದ್ದಂಗ, ರಾಜ್ಯ ಅದರ ಮ್ಯಾಲ ಇನ್ನೊಂದು ಅಂತಸ್ತು ಕಟ್ಟಬಹುದು, ನೆಲ ಅಗಿಲಿಕ್ಕ ಬರಂಗಿಲ್ಲ. ಇನ್ನೊಂದು ಮಾತು, "ಸಿಯಾಟಲ್ ಕಾನೂನು ರದ್ದಾಯ್ತು" ಅಂತ ಬರಿಬ್ಯಾಡ್ರಿ, ರದ್ದಾದದ್ದು ವಾರಂಟ್ ಇಲ್ದ ಹುಡುಕಾಟ ಅಷ್ಟೇ, ಕಸ ಬ್ಯಾರೆ ಮಾಡೋ ಕಡ್ಡಾಯ ಉಳೀತು. ಮುಚ್ಚಳ ತೆಗೀತಿದ್ದಂಗ ತಾನಾಗೇ ಕಣ್ಣಿಗಿ ಬಿದ್ದದ್ದು ನೋಡಿದ್ರ ತಪ್ಪಲ್ಲ.

ಕೆನಡಾದ್ದೂ ಒಂದು ಅದ, 2009ರ ಪ್ಯಾಟ್ರಿಕ್ ಕೇಸು. ಅಲ್ಲಿ ಕೋರ್ಟ್, ಕಸ ಒಯ್ಲಿಕ್ಕ ಅಂತ ಜಾಗದ ಅಂಚಿಗಿ ಇಟ್ಟ ಮ್ಯಾಲ ಅದನ್ನ ಕೈಬಿಟ್ಟಂಗೇ ಅಂತು. ಒಂದು ಸಾಲು ಸಾಕು.

ಈಗ ನಮ್ಮ ದೇಶಕ್ಕ ಬರೋಣ. 1954ರ ಎಂ.ಪಿ. ಶರ್ಮಾ ಕೇಸಿನಾಗ 8 ಜಡ್ಜುಗಳು ಅಮೆರಿಕಾದ ನಾಲ್ಕನೇ ತಿದ್ದುಪಡಿಯಂಥಾದ್ದು ನಮ್ಮಲ್ಲಿ ಇಲ್ಲ ಅಂದ್ರು. 1962ರ ಖರಕ್ ಸಿಂಗ್ ಕೇಸಿನಾಗ ರಾತ್ರಿ ಪೊಲೀಸರು ಮನಿಗಿ ಬಂದು ಬಾಗಿಲು ಬಡಿಯೋದನ್ನ ಕೋರ್ಟ್ ತೆಗೆದು ಹಾಕ್ತು ಖರೆ, ಆದ್ರ ಪ್ರೈವಸಿ ಮೂಲಭೂತ ಹಕ್ಕಲ್ಲ ಅಂತನೂ ಅದೇ ತೀರ್ಪಿನಾಗ ಹೇಳ್ತು, ವಿಚಿತ್ರ ನೋಡ್ರಿ. 2017ರ ಆಗಸ್ಟ್ 24ಕ್ಕ ಪುಟ್ಟಸ್ವಾಮಿ ತೀರ್ಪು ಬಂತು, 9 ಜಡ್ಜು, 6 ಬ್ಯಾರೆ ಬ್ಯಾರೆ ತೀರ್ಪು ಬರದ್ರೂ ಒಮ್ಮತ: ಪ್ರೈವಸಿ ನಮ್ಮ ಸಂವಿಧಾನದ 21ನೇ ವಿಧಿಯ (ಜೀವ, ಸ್ವಾತಂತ್ರ್ಯದ ಹಕ್ಕು) ಭಾಗ. ಹಳೇ ಎರಡೂ ತೀರ್ಪು ಆ ಮಟ್ಟಿಗಿ ಬಿದ್ದು ಹೋದ್ವು.

ಆದ್ರ ಕಸದ ಪ್ರಶ್ನೆಗಿ ನನಗ ಪುಟ್ಟಸ್ವಾಮಿಗಿಂತ ಹೆಚ್ಚು ಕೆಲಸಕ್ಕ ಬಂದದ್ದು ಯಾರೂ ಅಷ್ಟು ಓದದ ಕೆನರಾ ಬ್ಯಾಂಕ್ ಕೇಸು, 2005ರ ವರದಿಯಾಗ ಬಂದದ್ದು. ಆಂಧ್ರದಾಗ ಸ್ಟ್ಯಾಂಪ್ ಕಾಯ್ದಿಗಿ ತಿದ್ದುಪಡಿ ತಂದು, ಬ್ಯಾಂಕಿನಾಗ ಗಿರಾಕಿಗಳು ಇಟ್ಟ ಕಾಗದಪತ್ರ ಸರ್ಕಾರದವರು ಹೋಗಿ ನೋಡಬಹುದು, ಒಯ್ಯಬಹುದು ಅಂತ ಮಾಡಿದ್ರು. ಕಾಗದ ಬ್ಯಾಂಕಿಗಿ ಕೊಟ್ಟ ಮ್ಯಾಲ ನಿಂದೇನು ಉಳೀತು ಅನ್ನೋದು ಸರ್ಕಾರದ ವಾದ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ಪ್ರೈವಸಿ ಇರೋದು ಮನಷ್ಯಾನ ಜೋಡಿ, ಜಾಗದ ಜೋಡಿ ಅಲ್ಲ, ಒಂದು ಕೆಲಸಕ್ಕ ಅಂತ ಇನ್ನೊಬ್ಬರ ಕೈಗಿ ಕೊಟ್ಟ ಮಾತ್ರಕ್ಕ ಅದು ಹೋಗಂಗಿಲ್ಲ.

ಈಗ ಇದನ್ನ ನಮ್ಮ ಓಣಿಗಿ ಹಚ್ಚಿ ನೋಡ್ರಿ. ಗ್ರೀನ್‌ವುಡ್ ಚೀಲ ರಸ್ತಾದಾಗ ಇಟ್ಟು ಒಳಗ ಹೋಗಿದ್ದ. ಕಲಬುರಗಿಯಾಗ ಕಾಕು ಹಂಗ ಇಡಂಗಿಲ್ಲ, ಇಟ್ರ ಹಂದಿ ನಾಯಿ ಬಿಡ್ತಾವೇನು, ಗಾಡಿ ಬರೋತನಕ ಕಟ್ಟಿ ಮ್ಯಾಲ ಇಟ್ಕೊಂಡು ಕಾಯ್ತಾರ, ಕೈಯಿಂದ ಕೈಗಿ ಕೊಡ್ತಾರ. ಅದು ಕೈಬಿಟ್ಟಂಗ ಆಗಂಗಿಲ್ಲ, ಒಂದು ಕೆಲಸಕ್ಕ ಒಪ್ಪಿಸಿದಂಗ ಆಗ್ತದ. ನಾ ಹೇಳೋದು ಇಷ್ಟೇ, ಕಚರಾ ಕೊಟ್ಟದ್ದು ಒಯ್ಲಿಕ್ಕ, ಓದ್ಲಿಕ್ಕ ಅಲ್ಲ. ಇದು ನನ್ನ ವಾದ, ಯಾವುದೇ ತೀರ್ಪಿನ ಸಾಲಲ್ಲ, ಉತ್ತರದಾಗ ಹಾಕೋದಿದ್ರ "ಹೀಗೆ ವಾದಿಸಬಹುದು" ಅಂತ ಹಾಕ್ರಿ.

ಹಂಗಂತ ತಪಾಸಣೆನೇ ಬ್ಯಾಡ ಅನ್ನಲಿಕ್ಕ ಬರಂಗಿಲ್ಲ. ಪುಟ್ಟಸ್ವಾಮಿ ಪರೀಕ್ಷೆ ಮೂರು ಕೇಳ್ತದ: ಕಾನೂನು ಅದೇನು, ಉದ್ದೇಶ ನ್ಯಾಯದ್ದೇನು, ಉದ್ದೇಶಕ್ಕ ತಕ್ಕಷ್ಟೇ ಕೈ ಹಾಕ್ಯಾರೇನು. ಮೊದಲನೇದು ಅದ. 1986ರ ಪರಿಸರ ಸಂರಕ್ಷಣಾ ಕಾಯ್ದಿ ಅಡಿಯಾಗ 2016ರ ಏಪ್ರಿಲ್ 8ಕ್ಕ ಘನತ್ಯಾಜ್ಯ ನಿರ್ವಹಣಾ ನಿಯಮ ಬಂದ್ವು, ಅದರ 4ನೇ ನಿಯಮ ಹಸಿ, ಒಣ, ಮನಿಯ ಅಪಾಯಕಾರಿ ಕಸ ಅಂತ ಮೂರು ಬ್ಯಾರೆ ಇಡೋದು ಕಸ ಮಾಡೋರ ಹೊಣಿ ಅಂತಿತ್ತು, 15ನೇ ನಿಯಮ ಸ್ಥಳದಾಗೇ ದಂಡ ಹಾಕ್ಲಿಕ್ಕ ಬೈಲಾ (ಪಾಲಿಕಿಯದೇ ಸ್ಥಳೀಯ ನಿಯಮ) ಮಾಡ್ರಿ ಅಂತ ಪಾಲಿಕಿಗಳಿಗಿ ಹೇಳ್ತಿತ್ತು. ಹೊಸ 2026ರ ನಿಯಮದಾಗ ಇದು ನಾಕು ಆಗ್ಯದ, ಸ್ಯಾನಿಟರಿ ಕಸಕ್ಕ ಬ್ಯಾರೇನೇ ಬುಟ್ಟಿ. ಪಾಲಿಕಿಗಿ ಕಸದ ಕೆಲಸ ಎಲ್ಲಿಂದ ಬಂತು ಅಂತ ಕೇಳಿದ್ರ ಸಂವಿಧಾನದ 243ಡಬ್ಲ್ಯು ವಿಧಿ ಮತ್ತ 12ನೇ ಅನುಸೂಚಿ ಬರೀರಿ. ಎರಡನೇದ್ರಾಗ ಜಗಳ ಇಲ್ಲ, ಸ್ವಚ್ಛ ಪರಿಸರನೂ 21ನೇ ವಿಧಿಯಾಗೇ ಬರ್ತದ ಅಂತ 1991ರ ಸುಭಾಷ್ ಕುಮಾರ್ ಕೇಸು ಹೇಳ್ಯದ. ಅಂದ್ರ ಜಗಳ 21 ವರ್ಸಸ್ 21, ಮಜಾ ಅದ ಅಲ್ಲ?

ಮೂರನೇದೇ ಗಟ್ಟಿ ಪ್ರಶ್ನೆ. ಬ್ಯಾರೆ ಮಾಡು ಅಂತ ನಿಯಮ ಅದ, ಮಾಡ್ಲಿಲ್ಲಂದ್ರ ದಂಡ ಅದ, ಆದ್ರ ಬಾಗಿಲಾಗ ನಿಂತು ಗಂಟು ಬಿಚ್ಚಿ ಹ್ಯಾಂಗ ನೋಡಬೇಕು, ನೋಡಿದ್ದನ್ನ ಯಾರಿಗಿ ಹೇಳಂಗಿಲ್ಲ, ಇಂಥಾದ್ದು 2016ರ ನಿಯಮದಾಗ ಇರಲಿಲ್ಲ. ಮುಚ್ಚಳ ತೆಗ್ದು ಮ್ಯಾಲಿಂದ ನೋಡೋದು ಒಂದು, ಗಂಟು ಬಿಚ್ಚೋದು ಇನ್ನೊಂದು, ಫೋಟೋ ತಗ್ದು ಗ್ರೂಪಿಗಿ ಹಾಕೋದು ಮತ್ತೊಂದು. ಮೂರೂ ಒಂದೇ ತಕ್ಕಡಿಯಾಗ ಹಾಕಿ ತೂಗಿದ್ರ ಮಾರ್ಕ್ಸ್ ಹೋಗ್ತಾವ. ಬೆಂಗಳೂರಾಗ 2025ರ ಅಕ್ಟೋಬರ್ ಕೊನಿಗಿ "ಕಸ ಸುರಿಯುವ ಹಬ್ಬ" ಅಂತ ಮಾಡಿದ್ರು, ರಸ್ತಾದಾಗ ಕಸ ಒಗೆಯೋರ ವಿಡಿಯೋ ಮಾಡಿ, ಅವರ ಮನಿ ಮುಂದೇ ಕಸ ತಂದು ಸುರಿದು ದಂಡ ಹಾಕೋದು. ಮಂದಿ ಚಪ್ಪಾಳಿ ಹೊಡದ್ರು, ಆ ಹೊತ್ತಿಗಿ ನಾನೂ ಹೊಡದೆ. ರಸ್ತಾದಾಗ ಒಗದವನು ತಪ್ಪು ಮಾಡ್ಯಾನ, ದಂಡ ಹಾಕ್ರಿ, ಆದ್ರ ಓಣಿ ಮುಂದ ಮಾನ ತೆಗೆಯೋದು ಯಾವ ನಿಯಮದಾಗಿನ ಶಿಕ್ಷಾ ಅಂತ ಈಗ ಕೇಳ್ಕೊಳ್ಳಲಿಕತ್ತೀನಿ. ದಂಡ ಮತ್ತ ಅವಮಾನ ಬ್ಯಾರೆ ಬ್ಯಾರೆ, ತಕ್ಕಷ್ಟು ಅನ್ನೋ ಮಾತು ಇಲ್ಲಿಗೇ ಬರ್ತದ.

ಇನ್ನ ನಮ್ಮಂಥ ರೂಮಿನ ಹುಡುಗ್ರ ಕಸ. ಇದು ಯಾವ ಪುಸ್ತಕದಾಗೂ ಇಲ್ಲ. ಮೊದಲು ಇದ್ದ ರೂಮಿನ ಮಾಲಕರು ಮೊಟ್ಟಿ-ಮಾಂಸ ನಡೆಯಂಗಿಲ್ಲ ಅಂತ ಹೇಳೇ ಕೀಲಿ ಕೊಟ್ಟಿದ್ರು. ನಾವು ಮೂರು ಮಂದಿ ಮೊಟ್ಟಿ ಸಿಪ್ಪಿ ಪೇಪರಿನಾಗ ಸುತ್ತಿ, ಶೇಂಗಾ ಸಿಪ್ಪಿ ಜೋಡಿ ಕಲಸಿ, ಬ್ಯಾಗಿನಾಗ ಪುಸ್ತಕದ ಪಕ್ಕ ಇಟ್ಕೊಂಡು ಹೋಗಿ ಸೂಪರ್ ಮಾರ್ಕೆಟ್ ಕಡಿ ಡಬ್ಬಿಗಿ ಹಾಕಿ ಬರ್ತಿದ್ವಿ. ಒಂದಿನ ಪೇಪರ್ ಹರಿದು ನನ್ನ ಸಂವಿಧಾನದ ನೋಟ್ಸಿಗೇ ಲೋಳಿ ಹತ್ತಿತ್ತು, 21ನೇ ವಿಧಿ ಪುಟಕ್ಕೇ, ದೇವರಾಣಿ. ಹಸಿ-ಒಣ ಬ್ಯಾರೆ ಮಾಡು ಅಂದ್ರ ಹಸಿ ಬುಟ್ಟಿಯಾಗ ಸಿಪ್ಪಿ ಬಿಡಿಯಾಗಿ ಕಾಣ್ತದ, ಸುತ್ತಿ ಹಾಕಿದ್ರ ವಿಂಗಡಣೆ ಕೆಡ್ತದ. ಮಾಲಕರು ಸರ್ಕಾರ ಅಲ್ಲ, ಅವರ ಮ್ಯಾಲ ಮೂಲಭೂತ ಹಕ್ಕು ನಡೀತದೇನು ಅಂತ ಕೇಳಿದ್ರ 2023ರ ಕೌಶಲ್ ಕಿಶೋರ್ ತೀರ್ಪು ಓದ್ರಿ, 19 (ಮಾತು ಮೊದಲಾದ ಸ್ವಾತಂತ್ರ್ಯ) ಮತ್ತ 21ನೇ ವಿಧಿ ಸರ್ಕಾರ ಅಲ್ಲದವರ ಮ್ಯಾಲೂ ನಡೀತಾವ ಅಂತ ಬಹುಮತ ಹೇಳ್ಯದ. ಮೊಟ್ಟಿ ಸಿಪ್ಪಿಗಾಗಿ ಹೈಕೋರ್ಟಿಗಿ ಯಾರ್ ಹೋಗ್ತಾರ ಅನ್ನೋದು ಬ್ಯಾರೆ ಮಾತು, ಹೋಗೋದಿದ್ರ ದೂರಿಲ್ಲ, 2008ರಿಂದ ನಮ್ಮ ಊರಾಗೇ ಪೀಠ ಅದ.

ಡಿಪಿಡಿಪಿ ಕಾಯ್ದಿ, 2023, ಅಂದ್ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದಿ, ಇದರ ಬಗ್ಗೆ ಸಣ್ಣದಾಗಿ. ಅದು ಡಿಜಿಟಲ್ ಮಾಹಿತಿಗಿ ಮಾತ್ರ. ಅಕ್ಕ ಚೀಲ ಬಿಚ್ಚಿ ನೋಡಿದ್ರ ಅದರಾಗ ಬರಂಗಿಲ್ಲ, ಅದೇ ಚೀಲದಾಗಿನ ಔಷಧಿ ಬಿಲ್ಲಿನ ಫೋಟೋ ಮೊಬೈಲಿನಾಗ ತಗ್ದು ಮನಿ ನಂಬರ್ ಜೋಡಿ ಇಟ್ರ ಬರ್ತದ. ಬಾಗಿಲಿಗಿ ಕ್ಯೂಆರ್ ಸ್ಟಿಕರ್ ಹಚ್ಚಿ ದಿನಾ ಸ್ಕ್ಯಾನ್ ಮಾಡೋ ಪದ್ಧತಿ ಭಾಳ ಊರಾಗ ಶುರು ಆಗ್ಯದ, ಯಾವ ಮನಿ ಎಷ್ಟು ದಿನ ಕಸ ಕೊಟ್ಟಿಲ್ಲ ಅಂದ್ರ ಯಾವ ಮನಿ ಖಾಲಿ ಅದ ಅಂತ ಗೊತ್ತಾಗ್ತದ, ಕಳ್ಳರಿಗಿ ಇದಕ್ಕಿಂತ ಒಳ್ಳೆ ಲಿಸ್ಟ್ ಬೇಕೇನು.

ಕಾಕು ಈಗ ಸೂಜಿ ಖಾಲಿ ಎಣ್ಣಿ ಬಾಟಲಿಗಿ ಹಾಕಿ, ಬೂಚಿಗಿ ಟೇಪ್ ಸುತ್ತಿ, ಮ್ಯಾಲ ಕೆಂಪು ಮಾರ್ಕರಿನಾಗ ಗುಣಾಕಾರ ಚಿಹ್ನೆ ಬರದು ಅಕ್ಕನ ಕೈಗೇ ಕೊಡ್ತಾರ. ಹಳೇ ನಿಯಮದಾಗೂ ಬಳಸಿದ ಸೂಜಿ ಮನಿಯ ಅಪಾಯಕಾರಿ ಕಸದ ಪಟ್ಟಿಯಾಗೇ ಇತ್ತು, ಯಾರೂ ಹೇಳಿರಲಿಲ್ಲ ಅಷ್ಟೇ. ಬಾಟಲಿ ನೀಲಿ ಬಣ್ಣದ್ದು, ಒಳಗಿಂದು ಕಾಣಂಗಿಲ್ಲ. ಅಕ್ಕನೂ ಏನೂ ಕೇಳಂಗಿಲ್ಲ, "ಬರ್ತೀನ್ರಿ ಅವ್ವಾರೇ" ಅಂತ ಮುಂದ ಹೋಗ್ತಾಳ.

ಐತವಾರ ಕುಂತಾಗ ಚರ್ಚಾ ಮಾಡ್ಲಿಕ್ಕ ಒಂದು ಪ್ರಶ್ನೆ ಇಡ್ತೀನಿ. ಜಪಾನಿನ ಭಾಳ ಊರಾಗ ಕಸ ಪಾರದರ್ಶಕ ಚೀಲದಾಗೇ ಹಾಕಬೇಕು, ಒಳಗಿನದು ಕಾಣಬೇಕು ಅಂತ ನಿಯಮ ಅದ. ನಾಳಿ ನಮ್ಮಲ್ಲೂ ಹಂಗ ಬಂದ್ರ ಯಾರೂ ಗಂಟು ಬಿಚ್ಚಂಗಿಲ್ಲ, ನೋಡಿದ್ದೆಲ್ಲ ತಾನಾಗೇ ಕಂಡದ್ದು ಅಂತಾರ. ಅವಾಗ ಅದಕ್ಕ ತಪಾಸಣೆ ಅನ್ನಬೇಕೋ ಬ್ಯಾಡೋ? ಉತ್ತರ ಬರ್ಕೊಂಡು ಬರ್ರಿ, ನನ್ನ ಹತ್ರ ಅರ್ಧ ಅದ.