ನಿಲ್ಲಿಸಿದ ಕಾರಿಗೆ ತೆರಿಗೆ ಹಾಕಿದರೆ ಓಡುವ ಕಾರು ಕಡಿಮೆಯಾಗುತ್ತಾ?

ಲಾಸ್ ಏಂಜಲೀಸ್‌ನ ವೆಸ್ಟ್‌ವುಡ್ ವಿಲೇಜ್ ಒಂದು ಪುಟ್ಟ ಅಂಗಡಿಪೇಟೆ. ಅಲ್ಲಿ ರಸ್ತೆಬದಿ ಕಾರು ನಿಲ್ಲಿಸಲು ಜಾಗ ಸಿಗುವುದಕ್ಕೆ ಎಷ್ಟು ಹೊತ್ತು ಬೇಕು ಅಂತ ಪ್ರೊಫೆಸರ್ ಡೊನಾಲ್ಡ್ ಶೂಪ್ ಮತ್ತು ಅವರ ವಿದ್ಯಾರ್ಥಿಗಳು ಸುತ್ತಿ ಸುತ್ತಿ ಅಳೆದರು. ಸರಾಸರಿ 3.3 ನಿಮಿಷ, ಸುಮಾರು 800 ಮೀಟರ್. ಅಷ್ಟೇನಾ ಅನ್ನಿಸುತ್ತದೆ. ಗಾಂಧಿ ಬಜಾರಿಗೆ ಹೂವು ತರಲು ಹೋದಾಗ ನಾನು ಅದಕ್ಕಿಂತ ಜಾಸ್ತಿ ಸುತ್ತಿದ್ದೇನೆ. ಆದರೆ ಆ ಒಂದು ಪೇಟೆಗೆ ಬರುವವರೆಲ್ಲರ ಸುತ್ತಾಟ ಕೂಡಿಸಿದರೆ ವರ್ಷಕ್ಕೆ ಸುಮಾರು 15 ಲಕ್ಷ ಕಿಲೋಮೀಟರ್. ಇಲ್ಲಿಂದ ಚಂದ್ರನಿಗೆ ಇರುವ ದೂರದ ನಾಲ್ಕರಷ್ಟು!

ಕಾರಣ ಸರಳ. ರಸ್ತೆಬದಿ ಅಗ್ಗ, ಕಟ್ಟಡದೊಳಗಿನ ಪಾರ್ಕಿಂಗ್ ದುಬಾರಿ. ಹಾಗಾಗಿ ಎಲ್ಲರೂ ರಸ್ತೆಬದಿಗೇ ಕಾಯುತ್ತಾರೆ. ರಸ್ತೆಬದಿಯ ಪಾರ್ಕಿಂಗ್ ಮೀಟರಿನ ದರ ಸರಿಯಾಗಿ ಏರಿಸಿದರೆ ಈ ಸುತ್ತಾಟ ತಗ್ಗುತ್ತದೆ.

ಪಾರ್ಕಿಂಗ್ ತೆರಿಗೆಯ ಕಥೆ ಬೇರೆ. ಇಲ್ಲಿ ಬಿಲ್ ಹೋಗುವುದು ಕಾರಿನವನಿಗಲ್ಲ, ಜಾಗದ ಮಾಲೀಕನಿಗೆ. ಆಸ್ಟ್ರೇಲಿಯಾದ ಸಿಡ್ನಿ 1992ರಲ್ಲೇ ಇದನ್ನು ಶುರು ಮಾಡಿತು, ಮೆಲ್ಬರ್ನ್ 2006ರಲ್ಲಿ. ತೊಡಕು ಇರುವುದೂ ಇಲ್ಲೇ. ಕಂಪನಿಯೇ ಪುಕ್ಕಟೆ ಜಾಗ ಕೊಟ್ಟಿದ್ದರೆ ಅಲ್ಲಿನ ನೌಕರನಿಗೆ ತೆರಿಗೆ ಬಿದ್ದಿದ್ದೇ ಗೊತ್ತಾಗುವುದಿಲ್ಲ. ಅವನು ಎಂದಿನಂತೆ ಕಾರು ತೆಗೆಯುತ್ತಾನೆ. ಇನ್ನು ಊರೊಳಗೆ ಎಲ್ಲೂ ನಿಲ್ಲದೆ ಸುಮ್ನೆ ಹಾದುಹೋಗುವ ವಾಹನ ಈ ತೆರಿಗೆಯ ಕಣ್ಣಿಗೇ ಬೀಳುವುದಿಲ್ಲ. ಜಾಮ್ ಮಾಡುವುದರಲ್ಲಿ ಮಾತ್ರ ಅದಕ್ಕೂ ಸಮಪಾಲು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. 2012ರ ಏಪ್ರಿಲ್‌ನಿಂದ ಅಲ್ಲಿ 11 ಅಥವಾ ಹೆಚ್ಚು ಪಾರ್ಕಿಂಗ್ ಜಾಗ ಇರುವ ಕಂಪನಿ, ಕಚೇರಿಗಳು ಒಂದೊಂದು ಜಾಗಕ್ಕೂ ತೆರಿಗೆ ಕಟ್ಟಬೇಕು. ಮೊದಲ ವರ್ಷ 288 ಪೌಂಡ್. ವರ್ಷಕ್ಕೆ 220 ದಿನ ಕೆಲಸ ಅಂತ ಇಟ್ಟುಕೊಂಡರೆ ದಿನಕ್ಕೆ 1.3 ಪೌಂಡ್, ಅಲ್ಲಿ ಒಂದು ಕಪ್ ಕಾಫಿಗೂ ಸಾಲದ ದುಡ್ಡು. ಇದಕ್ಕೆ ಹೆದರಿ ಯಾರು ಕಾರು ಬಿಡುತ್ತಾರೆ? ಕೆಲವು ಕಂಪನಿಗಳು ನೌಕರರಿಂದ ವಸೂಲಿ ಮಾಡಿದವು, ಕೆಲವು ತಾವೇ ಕಟ್ಟಿಕೊಂಡವು, ಇನ್ನು ಕೆಲವು ಪಾರ್ಕಿಂಗ್ ಜಾಗವನ್ನೇ ಕಡಿಮೆ ಮಾಡಿದವು.

ಆದರೆ ಆ ದುಡ್ಡನ್ನು ಸಾರಿಗೆಗೇ ಖರ್ಚು ಮಾಡಬೇಕು ಅಂತ ಕಾನೂನಿದೆ. ಅದರಲ್ಲಿ ದೊಡ್ಡ ಪಾಲು ಟ್ರಾಮ್‌ಗೆ ಹೋಯಿತು. 2015ರಲ್ಲಿ ಕ್ಲಿಫ್ಟನ್ ಕಡೆಗೂ ಬೀಸ್ಟನ್ ಕಡೆಗೂ ಹೊಸ ಮಾರ್ಗ ಓಡತೊಡಗಿತು. ಕಾರು ಬಿಡು ಅನ್ನುವ ಮೊದಲು ಹತ್ತುವುದಕ್ಕೆ ಇನ್ನೊಂದು ಬೇಕಲ್ವಾ?

ಹಾಗಾದರೆ ಜಾಮ್ ಕಡಿಮೆಯಾಯಿತಾ? ಲಫ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದಾಗ ತೆರಿಗೆಯ ಪರಿಣಾಮ ಕಂಡಿತು. ಬರಿಗಣ್ಣಿಗೆ ಮಾತ್ರ ಕಾಣುವಂತಿರಲಿಲ್ಲ. ಟ್ರಾಮ್‌ಗಾಗಿ ರಸ್ತೆ ಅಗೆದಿದ್ದು ಒಂದು ಕಡೆ. ಕೆಲವರು ಕಾರು ಬಿಟ್ಟಾಗ ಖಾಲಿಯಾದ ರಸ್ತೆಗೆ ಬೇರೆಯವರು ಕಾರು ತಂದಿದ್ದು ಇನ್ನೊಂದು ಕಡೆ. ಬಸ್ಸಿನಲ್ಲಿ ಒಬ್ಬ ಏಳುತ್ತಿದ್ದ ಹಾಗೇ ಕಿಟಕಿಯಿಂದ ಇನ್ನೊಬ್ಬ ಟವೆಲ್ ಹಾಕುತ್ತಾನಲ್ಲ, ಹಾಗೆ.

ಈ ತೆರಿಗೆಗೆ ನನ್ನ ಬೆಂಬಲ ಇದೆ, ಆದರೆ ಅದರ ಬಿಸಿ ಸ್ಟಿಯರಿಂಗ್ ಹಿಡಿದವನಿಗೆ ತಟ್ಟಬೇಕು. ತೆರಿಗೆಯೇ ಇಲ್ಲದೆ ಇದನ್ನು ಸಾಧಿಸಿದ್ದೂ ಉಂಟು. 1992ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ತಂದಿತು: ಬಾಡಿಗೆ ಜಾಗ ಹಿಡಿದು ನೌಕರರಿಗೆ ಪುಕ್ಕಟೆ ಪಾರ್ಕಿಂಗ್ ಕೊಡುವ ದೊಡ್ಡ ಕಂಪನಿ, ಆ ಜಾಗ ಬೇಡ ಅಂದವರಿಗೆ ಅಷ್ಟೇ ದುಡ್ಡು ಕೈಗೆ ಕೊಡಬೇಕು. ಇದನ್ನು ಪಾಲಿಸಿದ ಎಂಟು ಕಂಪನಿಗಳನ್ನು ಶೂಪ್ ನೋಡಿದರು. ಒಬ್ಬರೇ ಕಾರಿನಲ್ಲಿ ಬರುವವರು ನೂರಕ್ಕೆ 76 ಇದ್ದದ್ದು 63ಕ್ಕೆ ಇಳಿದಿತ್ತು. ಕೆಲವರು ಬಸ್ ಹತ್ತಿದರು, ಕೆಲವರು ನಡೆದರು. ಹೆಚ್ಚಿನವರು ಮಾತ್ರ ದುಡ್ಡು ಜೇಬಿಗಿಳಿಸಿ ಪಕ್ಕದ ಟೇಬಲಿನವರ ಕಾರಿನಲ್ಲಿ ಸೀಟು ಹಿಡಿದರು.