ಫ್ಯೂಸಿಗೆ ತಿಳಿಯದ ಬಿಸಿ: ಕಾರಿನ ಒಂದೇ ಸಾಕೆಟ್ಟಿಗೆ ಹಲವು ಸಾಧನಗಳು

ಕಾರಿನ ಡ್ಯಾಶ್‌ಬೋರ್ಡಿನ ದುಂಡನೆಯ ಸಾಕೆಟ್ ಮೊದಲು ಬಂದದ್ದು ಸಿಗರೇಟು ಹಚ್ಚುವುದಕ್ಕೆ. ಲೈಟರನ್ನು ಒಳಕ್ಕೆ ಒತ್ತಿದರೆ ಸುಮಾರು 10 ಆಂಪಿಯರ್ ಕರೆಂಟು ಹತ್ತು ಹದಿನೈದು ಸೆಕೆಂಡು ಹರಿದು, ಸುರುಳಿ ಕೆಂಪಗಾದ ಕೂಡಲೇ ಅದು ತಾನಾಗಿ ಹೊರಕ್ಕೆ ಚಿಮ್ಮುತ್ತಿತ್ತು. ಆ ಹೊತ್ತಿನೊಳಗೆ ಸಾಕೆಟ್ ಬಿಸಿಯಾಗುವಷ್ಟು ಸಮಯವೇ ಇರಲಿಲ್ಲ. ಈಗ ಅದೇ ಆಕಾರದ ಸಾಕೆಟ್ಟಿನಿಂದ ಗಂಟೆಗಟ್ಟಲೆ ಲ್ಯಾಪ್‌ಟಾಪ್, ಎರಡು ಫೋನ್, ಡ್ಯಾಶ್‌ಕ್ಯಾಮ್ ಮತ್ತು ಪುಟ್ಟ ಫ್ರಿಜ್ ನಡೆಯಬೇಕೆಂದು ಬಯಸುತ್ತೇವೆ. ನಡೆಯುತ್ತದೆ, ಆದರೆ ಲೆಕ್ಕ ಹಾಕಿ ಜೋಡಿಸಬೇಕು.

ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 10, 15 ಅಥವಾ 20 ಆಂಪಿಯರಿನದು. ಬಣ್ಣದಿಂದಲೇ ಗುರುತಿಸಬಹುದು: ಕೆಂಪು 10, ನೀಲಿ 15, ಹಳದಿ 20. ಮುಂದಿನ ಮತ್ತು ಹಿಂದಿನ ಎರಡು ಸಾಕೆಟ್ಟುಗಳಿಗೆ ಒಂದೇ ಫ್ಯೂಸ್ ಇರುವ ಕಾರುಗಳೂ ಇವೆ. ಹಾಗಿದ್ದರೆ ಎರಡರ ಹೊರೆಯೂ ಒಂದೇ ಲೆಕ್ಕಕ್ಕೆ ಬರುತ್ತದೆ. ಕಾರಿನ ಕೈಪಿಡಿಯಲ್ಲಿ ಇದನ್ನು ನೋಡಿಕೊಳ್ಳಿ. ಕೆಲವು ಕೈಪಿಡಿಗಳು ಫ್ಯೂಸಿನ ಅಂಕಿಗಿಂತ ಕಡಿಮೆ ಮಿತಿ ಹೇಳುತ್ತವೆ, ಉದಾಹರಣೆಗೆ 120 ವ್ಯಾಟ್. ಆ ಮಿತಿಯೇ ಕೊನೆಯ ಮಾತು.

ಇನ್ನು ಕೂಡುವ ಲೆಕ್ಕ. ಕಾರಿನ ಬ್ಯಾಟರಿ 12 ವೋಲ್ಟಿನದಾದ್ದರಿಂದ ವ್ಯಾಟನ್ನು 12ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. ಚಾರ್ಜರಿನೊಳಗೆ ಹತ್ತು ಹದಿನೈದು ಶೇಕಡಾ ನಷ್ಟವಾಗುವುದರಿಂದ ಅಷ್ಟನ್ನು ಮೇಲೆ ಸೇರಿಸಿ. 65 ವ್ಯಾಟಿನ ಲ್ಯಾಪ್‌ಟಾಪ್ ಚಾರ್ಜರ್ ಸುಮಾರು 6 ಆಂಪಿಯರ್ ಎಳೆಯುತ್ತದೆ. 20 ವ್ಯಾಟಿನ ಎರಡು ಫೋನ್ ಚಾರ್ಜರುಗಳು ಸೇರಿ 4ರ ಹತ್ತಿರ, ಡ್ಯಾಶ್‌ಕ್ಯಾಮ್ 0.4. ಅಲ್ಲಿಗೇ 10 ದಾಟಿತು. 50 ವ್ಯಾಟಿನ ಫ್ರಿಜ್ ಸೇರಿಸಿದರೆ 14ರ ಮೇಲೆ. ಒಂದು ಸಾಕೆಟ್ಟನ್ನು ಹಲವಾಗಿ ಕವಲೊಡೆಸುವ ಸ್ಪ್ಲಿಟರಿನಲ್ಲಿ ನಾಲ್ಕು ತೂತುಗಳಿದ್ದರೂ ನಾಲ್ಕರ ಕರೆಂಟೂ ಹಾದುಹೋಗುವುದು ಅದರ ಒಂದೇ ಪ್ಲಗ್ಗಿನ ಮೂಲಕ ಎಂಬುದು ಇಲ್ಲಿ ಮುಖ್ಯ.

15 ಆಂಪಿಯರ್ ಫ್ಯೂಸಿದೆ, 14ಕ್ಕೆ ಏನೂ ಆಗುವುದಿಲ್ಲ ಎಂದು ಹಲವರು ನಂಬುತ್ತಾರೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಅಪಾಯಕಾರಿ ನಂಬಿಕೆ ಇದೇ. ಫ್ಯೂಸ್ ಇರುವುದು ಗೋಡೆಯೊಳಗಿನಂತೆ ಹುದುಗಿರುವ ವೈರನ್ನು ಕಾಯುವುದಕ್ಕೆ. ಅದು ಅಳೆಯುವುದು ಕರೆಂಟನ್ನು ಮಾತ್ರ. ಅದೂ ನಿಧಾನವಾಗಿ: ಮಿತಿಗಿಂತ ಶೇಕಡಾ 10 ಹೆಚ್ಚು ಕರೆಂಟನ್ನು ಗಂಟೆಗಟ್ಟಲೆ ಸಹಿಸುತ್ತದೆ, ಶೇಕಡಾ 35 ಹೆಚ್ಚಾದಾಗಲೂ ಕೆಲವು ನಿಮಿಷ ತಾಳಬಹುದು. ಪ್ಲಗ್ಗಿನ ತುದಿ ಸುಡುತ್ತಿದೆಯೇ ಎಂಬುದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಸುಡುವುದು ಹೆಚ್ಚಾಗಿ ಆ ತುದಿಯೇ. ನಡುವಿನ ಪಿನ್ನು ಪಾಸಿಟಿವ್, ಪಕ್ಕದ ಸ್ಪ್ರಿಂಗ್ ಪಟ್ಟಿಗಳು ನೆಗೆಟಿವ್. ಎರಡೂ ಸ್ಪ್ರಿಂಗಿನ ಒತ್ತಡದಿಂದಷ್ಟೇ ಲೋಹಕ್ಕೆ ತಾಗಿಕೊಂಡಿರುತ್ತವೆ, ಬಿಗಿಯುವ ತಿರುಪು ಯಾವುದೂ ಇಲ್ಲ. ಕಾರು ಅದುರುತ್ತದೆ, ದೂಳು ಕೂರುತ್ತದೆ, ಲೋಹದ ಮೇಲೆ ತೆಳು ಪದರ ಬೆಳೆದು ರೋಧ, ಅಂದರೆ ಕರೆಂಟಿಗೆ ಒಡ್ಡುವ ಅಡ್ಡಿ, ಹೆಚ್ಚುತ್ತದೆ. ಬಿಸಿಯು ಕರೆಂಟಿನ ವರ್ಗಕ್ಕೆ, ಅಂದರೆ ಕರೆಂಟನ್ನು ಅದರಿಂದಲೇ ಗುಣಿಸಿದ್ದಕ್ಕೆ, ತಕ್ಕಂತೆ ಏರುತ್ತದೆ. ಸಂಪರ್ಕದ ರೋಧ 0.05 ಓಮ್ ಇದ್ದರೆ 2 ಆಂಪಿಯರಿಗೆ ಹುಟ್ಟುವ ಬಿಸಿ 0.2 ವ್ಯಾಟ್, 10 ಆಂಪಿಯರಿಗೆ 5 ವ್ಯಾಟ್. ಬೆರಳಿನಗಲದ ಪ್ಲಾಸ್ಟಿಕ್ಕಿನೊಳಗೆ 5 ವ್ಯಾಟ್ ಕೂಡಿಕೊಂಡರೆ ಸ್ಪ್ರಿಂಗ್ ಬಿಗಿ ಕಳೆದುಕೊಳ್ಳುತ್ತದೆ, ಸಂಪರ್ಕ ಇನ್ನಷ್ಟು ಹಾಳಾಗುತ್ತದೆ, ಬಿಸಿ ಇನ್ನೂ ಏರುತ್ತದೆ. ಇದರ ಮೇಲೆ ಚಾರ್ಜರುಗಳ ಗುಣವೊಂದು ಸೇರಿಕೊಳ್ಳುತ್ತದೆ. ಅವು ಒಳಬರುವ ವೋಲ್ಟೇಜು ಕುಸಿದರೂ ಹೊರಗೆ ಅಷ್ಟೇ ವ್ಯಾಟ್ ಕೊಡಲು ನೋಡುತ್ತವೆ, ಅದಕ್ಕಾಗಿ ಹೆಚ್ಚು ಕರೆಂಟು ಎಳೆಯುತ್ತವೆ. ಕೆಟ್ಟ ಸಂಪರ್ಕ ತನ್ನನ್ನು ತಾನೇ ಇನ್ನಷ್ಟು ಕೆಡಿಸಿಕೊಳ್ಳುವುದು ಹೀಗೆ.

ಆದ್ದರಿಂದ 15 ಆಂಪಿಯರ್ ಸಾಕೆಟ್ಟಿನಲ್ಲಿ, ಕೈಪಿಡಿ ಒಪ್ಪಿದರೂ, ಹೊತ್ತುಗಟ್ಟಲೆ ನಡೆಯುವ ಹೊರೆ 8 ಆಂಪಿಯರ್ ಮೀರದಿರಲಿ. 10 ಎಂದರೆ ಕೆಲವೇ ನಿಮಿಷ. ಟೈರಿಗೆ ಗಾಳಿ ತುಂಬುವ 120 ವ್ಯಾಟಿನ ಪಂಪು ಒಂದೇ 10 ಆಂಪಿಯರ್ ತಿನ್ನುತ್ತದೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ಅದನ್ನು ಸ್ಪ್ಲಿಟರಿಗೆ ಹಾಕದೆ ನೇರವಾಗಿ ಸಾಕೆಟ್ಟಿಗೆ ಹಾಕಿ, ಉಳಿದವನ್ನು ಆಗ ತೆಗೆದಿಡಿ. ಲ್ಯಾಪ್‌ಟಾಪಿಗಾಗಿ ಇನ್ವರ್ಟರ್ ಬೇಡ. ವೋಲ್ಟೇಜನ್ನು ಇನ್ವರ್ಟರಿನಲ್ಲಿ ಒಮ್ಮೆ ಏರಿಸಿ, ಲ್ಯಾಪ್‌ಟಾಪ್ ಚಾರ್ಜರಿನಲ್ಲಿ ಮತ್ತೆ ಇಳಿಸುವುದರಲ್ಲಿ ಎರಡು ಸಲ ನಷ್ಟ. ಯುಎಸ್‌ಬಿ-ಸಿ ಕಾರ್ ಚಾರ್ಜರ್ ಒಂದೇ ಹೆಜ್ಜೆಯಲ್ಲಿ ಕೆಲಸ ಮುಗಿಸುತ್ತದೆ.

ಸ್ಪ್ಲಿಟರ್ ಕೊಳ್ಳುವಾಗ ಪ್ಲಗ್ಗಿನೊಳಗೆ 10 ಆಂಪಿಯರಿನ ಸ್ವಂತ ಫ್ಯೂಸ್ ಇದೆಯೇ, ವೈರು ಕನಿಷ್ಠ 1.5 ಚದರ ಮಿಲಿಮೀಟರಿನದೇ ಎಂದು ನೋಡಿ. 0.5 ಚದರ ಮಿಲಿಮೀಟರಿನ ಎರಡು ಮೀಟರ್ ವೈರಿನಲ್ಲಿ, ಹೋಗಿಬರುವ ದಾರಿ ಸೇರಿ, 10 ಆಂಪಿಯರಿಗೆ ಸುಮಾರು 1.4 ವೋಲ್ಟ್ ಕಳೆದುಹೋಗುತ್ತದೆ. ಅಂದರೆ 14 ವ್ಯಾಟ್ ವೈರಿನಲ್ಲೇ ಬಿಸಿಯಾಗುತ್ತದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರಾದರೆ ನಷ್ಟ ಇನ್ನೂ ಹೆಚ್ಚು. ಸ್ಪ್ಲಿಟರಿಗೆ ಸ್ಪ್ಲಿಟರ್ ಪೋಣಿಸುವುದಂತೂ ಬೇಡವೇ ಬೇಡ. ಪ್ರತಿ ಕೊಂಡಿಯೂ ಒಂದು ಹೊಸ ಸಡಿಲು ಸಂಪರ್ಕ.

ವೋಲ್ಟ್ ತೋರಿಸುವ ಸ್ಪ್ಲಿಟರ್ ಸಿಕ್ಕರೆ ಅದನ್ನೇ ಆರಿಸಿ. ಎಂಜಿನ್ ಓಡುತ್ತಿರುವಾಗ ಹೊರೆಯಿಲ್ಲದೆ 14 ತೋರಿಸಿ, 8 ಆಂಪಿಯರ್ ಹೊರೆ ಹಾಕಿದ ಕೂಡಲೇ 13ಕ್ಕೆ ಇಳಿದರೆ, ದಾರಿಯಲ್ಲಿ ಎಲ್ಲೋ 8 ವ್ಯಾಟ್ ಬಿಸಿಯಾಗುತ್ತಿದೆ ಎಂದರ್ಥ. ಎಲ್ಲಿ ಎಂದು ತಿಳಿಯಲು ಇಪ್ಪತ್ತು ನಿಮಿಷ ಬಿಟ್ಟು ಪ್ಲಗ್ಗಿನ ಪ್ಲಾಸ್ಟಿಕ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಹೊರೆ ಇಳಿಸಿ. ಲೋಹದ ತುದಿಯನ್ನು ತಕ್ಷಣ ಮುಟ್ಟಬೇಡಿ. ಕಂದು ಕಲೆ, ಮೆತ್ತಗಾದ ಪ್ಲಾಸ್ಟಿಕ್, ಮೀನಿನಂಥ ವಾಸನೆ ಕಂಡರೆ ಆ ಪ್ಲಗ್ಗನ್ನು ಮತ್ತೆ ಬಳಸುವಂತಿಲ್ಲ. ಸಾಕೆಟ್ ಒರೆಸುವ ಮೊದಲು ಅದರ ಫ್ಯೂಸ್ ಕಿತ್ತಿಡಿ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆ ಸಾಕು. ಫ್ಯೂಸ್ ಪದೇ ಪದೇ ಹೋಗುತ್ತಿದೆಯೆಂದು ದೊಡ್ಡ ಅಂಕಿಯದನ್ನು ಹಾಕಿದರೆ ಕಾರಿನ ವೈರೇ ಫ್ಯೂಸಾಗಿಬಿಡುತ್ತದೆ.

8 ಆಂಪಿಯರ್ ಸಾಲದಿದ್ದರೆ ಬ್ಯಾಟರಿಯಿಂದಲೇ ಬೇರೆ ಲೈನು ಎಳೆಸಿ. ಪಾಸಿಟಿವ್ ತುದಿಯಿಂದ 20 ಸೆಂಟಿಮೀಟರಿನೊಳಗೆ 30 ಆಂಪಿಯರ್ ಫ್ಯೂಸ್, ಅಲ್ಲಿಂದ 6 ಚದರ ಮಿಲಿಮೀಟರಿನ ತಾಮ್ರದ ವೈರು, ಒಳಗೆ ಪ್ರತಿ ಸಾಧನಕ್ಕೂ ಬೇರೆ ಫ್ಯೂಸಿರುವ ಪೆಟ್ಟಿಗೆ. ಎಂಜಿನ್ ಕಡೆಯ ತಗಡಿನ ಗೋಡೆ ದಾಟುವಲ್ಲಿ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಇಲ್ಲದಿದ್ದರೆ ತಗಡಿನ ಅಂಚು ವೈರಿನ ಹೊದಿಕೆಯನ್ನು ಕ್ರಮೇಣ ಕೊಯ್ಯುತ್ತದೆ. ಗಾಜಿನ ಪಕ್ಕದ, ಏರ್‌ಬ್ಯಾಗ್ ಇರುವ ಕಂಬದ ಹೊದಿಕೆಯೊಳಗೆ ವೈರು ಹಾಯಿಸಬಾರದು. ನೆಗೆಟಿವ್ ವೈರನ್ನು ಬಣ್ಣ ಕೆರೆದ ಚಾಸಿಗೆ, ಅಂದರೆ ಕಾರಿನ ಲೋಹದ ಚೌಕಟ್ಟಿಗೆ, ಬಿಗಿಯಿರಿ. ಹೊಸ ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯಲ್ಲಿ ಕರೆಂಟು ಅಳೆಯುವ ಸೆನ್ಸರ್ ಇರುತ್ತದೆ, ನೇರವಾಗಿ ಆ ತುದಿಗೆ ಕಟ್ಟಿದರೆ ನಿಮ್ಮ ಹೊರೆ ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಎಂಜಿನ್ ನಿಂತ ಮೇಲೂ ಕೆಲವು ಸಾಕೆಟ್ಟುಗಳಲ್ಲಿ ಕರೆಂಟು ಇರುತ್ತದೆ. 45 ಆಂಪಿಯರ್-ಗಂಟೆಯ ಬ್ಯಾಟರಿಯ ಅರ್ಧದಷ್ಟನ್ನು ಮಾತ್ರ ಬಳಸಬಹುದೆಂದುಕೊಂಡರೆ, ಬಿಡದೆ 4 ಆಂಪಿಯರ್ ಎಳೆಯುವ ಫ್ರಿಜ್ಜಿಗೆ ಅದು ಐದೂವರೆ ಗಂಟೆಗೆ ಮುಗಿಯುತ್ತದೆ, 0.4 ಆಂಪಿಯರಿನ ಡ್ಯಾಶ್‌ಕ್ಯಾಮಿಗೆ ಎರಡು ದಿನ ದಾಟಿ ಸ್ವಲ್ಪ ಹೊತ್ತಿಗೆ. ಹೊರೆ ತೆಗೆದು ಕೆಲಹೊತ್ತು ಬಿಟ್ಟು ಅಳೆದಾಗ 12.2 ವೋಲ್ಟ್ ಬಂದರೆ ಬ್ಯಾಟರಿ ಸುಮಾರು ಅರ್ಧಕ್ಕೆ ಇಳಿದಿದೆ, ಎಲ್ಲವನ್ನೂ ಕಿತ್ತಿಡುವ ಹೊತ್ತು ಅದು.